ಓದುಗರ ಪ್ರಶ್ನೆ: ನನ್ನ ಹಳೆಯ ಪಬ್‌ಮೆಡ್ ಎಲ್ಲಿ?

ಪ್ರಶ್ನೆ: ಮೇಡಂ, 2018ರಲ್ಲಿ ಪಿಎಚ್‌ಡಿ ಮಾಡುವಾಗ ವೈದ್ಯಕೀಯ ಸಂಶೋಧನಾ ಲೇಖನಗಳಿಗಾಗಿ ದಿನವೂ ಪಬ್‌ಮೆಡ್ ಜಾಲತಾಣದಲ್ಲಿ ಹುಡುಕುತ್ತಿದ್ದೆ. ಮಗು ಆದಮೇಲೆ ಸಂಶೋಧನೆ ನಿಂತಿತ್ತು, ಈಗ ಮತ್ತೆ ಶುರು ಮಾಡಿದ್ದೇನೆ. ನೋಡಿದರೆ ಪುಟವೇ ಬೇರೆ! ಹೊಸ ಲೇಖನಗಳು ಮೇಲೆ ಬರುತ್ತಿಲ್ಲ. ಪ್ರಬಂಧದಲ್ಲಿದ್ದ ಹುಡುಕಾಟದ ಸಾಲನ್ನೇ ಹಾಕಿದರೂ ಸಿಗುವ ಲೇಖನಗಳ ಸಂಖ್ಯೆ ತಾಳೆ ಆಗುತ್ತಿಲ್ಲ. ನಾನೇ ಏನೋ ತಪ್ಪು ಮಾಡುತ್ತಿದ್ದೇನಾ?

ಉತ್ತರ: ಇಲ್ಲ. ಹೊಸ ರೂಪ 2020ರ ಮೇ ತಿಂಗಳಲ್ಲಿ ಎಲ್ಲರಿಗೂ ಬಂತು. ಲಾಕ್‌ಡೌನ್ ಕಾಲ. ಲೈಬ್ರರಿ ಮುಚ್ಚಿತ್ತು, ನಾನು ಮನೆಯಿಂದ ಫೋನಿನಲ್ಲೇ ‘ಎಲ್ಲಿ ಒತ್ತಬೇಕು’ ಅಂತ ಹೇಳಿ ಹೇಳಿ ಸುಸ್ತಾಗಿದ್ದೆ.

ಹೊಸ ಲೇಖನಗಳ ವಿಷಯ ಸುಲಭ. ಮೊದಲು ಹೊಸದು ತಾನಾಗಿಯೇ ಮೇಲಿರುತ್ತಿತ್ತು. ಈಗ ‘ಬೆಸ್ಟ್ ಮ್ಯಾಚ್’, ಅಂದರೆ ನಿಮ್ಮ ಪದಗಳಿಗೆ ಹೆಚ್ಚು ಹೊಂದುವುದು ಮೇಲೆ. ‘ಸಾರ್ಟ್ ಬೈ’ನಲ್ಲಿ ‘ಮೋಸ್ಟ್ ರೀಸೆಂಟ್’ ಆರಿಸಿದರೆ ಆಯಿತು.

ಸಂಖ್ಯೆಯದು ಸ್ವಲ್ಪ ಗೋಜಲು. ಇಷ್ಟು ವರ್ಷಗಳಲ್ಲಿ ಹೊಸ ಲೇಖನ ಸೇರಿವೆ, ಅದು ಬಿಡಿ. ನಿಮ್ಮ ಸಾಲಿನಲ್ಲಿ ಪದದ ಕೊನೆಗೆ ನಕ್ಷತ್ರ ಚಿಹ್ನೆ (*) ಇದೆಯಾ ನೋಡಿ. ಹಾಗೆ ಶುರುವಾಗುವ ಎಲ್ಲ ಪದಗಳನ್ನೂ ಹುಡುಕು ಅಂತ ಅದರ ಅರ್ಥ. ಹಳೆಯ ಪಬ್‌ಮೆಡ್ ಅಂಥ ಪದದ ಮೊದಲ 600 ರೂಪಗಳನ್ನು ಮಾತ್ರ ಹುಡುಕುತ್ತಿತ್ತು. ಹೊಸದಕ್ಕೆ ಆ ಮಿತಿ ಇಲ್ಲ. ಹಾಗಾಗಿ ನಿಮ್ಮ ಹಳೆಯ ಸಂಖ್ಯೆಯೇ ಅರೆಬರೆ ಇದ್ದಿರಬಹುದು! ಇನ್ನು ಸಂಖ್ಯೆ ಕಡಿಮೆ ಬಂದರೆ ಎಡಗಡೆಯ ಫಿಲ್ಟರ್‌ಗಳನ್ನು ಅನುಮಾನಿಸಿ. ಒಮ್ಮೆ ಹಾಕಿದ ಫಿಲ್ಟರ್ ನೀವೇ ತೆಗೆಯುವ ತನಕ ಮುಂದಿನ ಹುಡುಕಾಟಕ್ಕೂ ಅಂಟಿಕೊಳ್ಳುತ್ತದೆ. ನನ್ನ ಹತ್ತಿರ ಬರುವ ‘ಏನೂ ಸಿಗ್ತಿಲ್ಲ’ ದೂರುಗಳಲ್ಲಿ ಜಾಸ್ತಿ ಇದೇ.

ನೀವು ನಿಜಕ್ಕೂ ಹುಡುಕಿಕೊಳ್ಳಬೇಕಾದದ್ದು ‘ಸರ್ಚ್ ಡೀಟೇಲ್ಸ್’. ಫಲಿತಾಂಶದ ಬಲಗಡೆ ಇರುತ್ತಿತ್ತು, ನೆನಪಿದೆ ಅಲ್ವಾ? ಅದು ಹೋಗಿಲ್ಲ. ‘ಅಡ್ವಾನ್ಸ್ಡ್’ ಪುಟಕ್ಕೆ ಹೋಗಿ, ಕೆಳಗಿನ ಹಿಸ್ಟರಿಯಲ್ಲಿ ‘ಡೀಟೇಲ್ಸ್’ ಅನ್ನುವ ಕಡೆ ಸಣ್ಣ ಬಾಣದ ಗುರುತು ಒತ್ತಿ. ನಿಮ್ಮ ಮಾತನ್ನು ಅದು ಹೇಗೆ ಅರ್ಥ ಮಾಡಿಕೊಂಡಿತು ಅಂತ ಪೂರ್ತಿ ಕಾಣುತ್ತದೆ. ‘ಹಾರ್ಟ್ ಅಟ್ಯಾಕ್’ ಅಂತ ಬರೆದರೆ ಅದರ ವೈದ್ಯಕೀಯ ಹೆಸರಾದ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಅನ್ನೂ ತಾನೇ ಸೇರಿಸಿಕೊಂಡಿರುತ್ತದೆ. ಉದ್ಧರಣ ಚಿಹ್ನೆ ಹಾಕಿದಿರೋ, ಈ ಉಪಕಾರ ನಿಲ್ಲುತ್ತದೆ. ನಕ್ಷತ್ರ ಹಾಕಿದರೂ ಅಷ್ಟೇ. ಸುಮ್ನೆ ಅಭ್ಯಾಸಬಲದಿಂದ ಉದ್ಧರಣ ಚಿಹ್ನೆ ಹಾಕುವವರು ಬಹಳ. ಒಂದೇ ಪ್ರಶ್ನೆಯನ್ನು ಚಿಹ್ನೆ ಇದ್ದು, ಇಲ್ಲದೆ, ಎರಡು ಸಲ ಓಡಿಸಿ ನೋಡಿ.

ಆರಿಸಿದ ಲೇಖನಗಳನ್ನು ಪಬ್‌ಮೆಡ್‌ನಲ್ಲೇ ತಾತ್ಕಾಲಿಕವಾಗಿ ಇಡುವ ‘ಕ್ಲಿಪ್‌ಬೋರ್ಡ್’ ಅನ್ನು ಮಾತ್ರ ನಂಬಬೇಡಿ. ಅದು 500 ಲೇಖನ ಹಿಡಿಯುತ್ತದೆ, ಆದರೆ 8 ಗಂಟೆ ಮುಟ್ಟದೆ ಬಿಟ್ಟರೆ ಖಾಲಿ. ಹಿಸ್ಟರಿಯೂ ಹಾಗೆಯೇ. ಒಂದು ರಾತ್ರಿ ಎಪ್ಪತ್ತು ಚಿಲ್ಲರೆ ಲೇಖನ ಆರಿಸಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ. ಮಲಗುವ ಮೊದಲು ‘ಮೈ ಎನ್‌ಸಿಬಿಐ’ ಅನ್ನುವ ನಿಮ್ಮ ಸ್ವಂತ ಪಬ್‌ಮೆಡ್ ಖಾತೆಯಲ್ಲಿ ಸೇವ್ ಮಾಡಿಡಿ.