ಪೌರಜ್ಞಾನದ ಪರೀಕ್ಷೆ ಪಾಸಾದವರಿಗೆ ಮಾತ್ರ ಮತದ ಹಕ್ಕು ಕೊಟ್ಟರೆ ತಪ್ಪೇನು?

ತಪ್ಪು ಇರುವುದು ಪರೀಕ್ಷೆ ನಡೆಸುವವರ ಕೈಗೆ ಸಿಗುವ ಅಧಿಕಾರದಲ್ಲಿ. ಇದನ್ನು ಅಮೆರಿಕ ಮಾಡಿ ನೋಡಿದೆ. ಮಿಸಿಸಿಪ್ಪಿ ರಾಜ್ಯದ 1890ರ ಸಂವಿಧಾನದ ಪ್ರಕಾರ, ಮತದಾರನಾಗಲು ಬಂದವನು ಸಂವಿಧಾನದ ಯಾವುದಾದರೊಂದು ಭಾಗವನ್ನು ಓದಬೇಕಿತ್ತು, ಇಲ್ಲವೇ ಓದಿ ಹೇಳಿದಾಗ ಅದರ ಅರ್ಥ ವಿವರಿಸಬೇಕಿತ್ತು. ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಯಾವ ಭಾಗ ಕೇಳಬೇಕು, ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುತ್ತಿದ್ದವನು ಮೇಜಿನಾಚೆ ಕೂತ ನೋಂದಣಿ ಅಧಿಕಾರಿ. ಬಿಳಿಯರಿಗೆ ಸುಲಭದ ಸಾಲು, ಕಪ್ಪು ಜನರಿಗೆ ವಕೀಲರೂ ತಡವರಿಸುವಂಥ ಕಲಮು. ಕಾಲೇಜು ಓದಿದ ಕಪ್ಪು ಜನರೂ ಫೇಲಾದರು. 1965ರ ಮತದಾನ ಹಕ್ಕು ಕಾಯ್ದೆ ಅಂಥ ರಾಜ್ಯಗಳಲ್ಲಿ ಇದನ್ನು ತಡೆಯಿತು. 1970ರಲ್ಲಿ ತಡೆ ಇಡೀ ದೇಶಕ್ಕೆ ವಿಸ್ತರಿಸಿತು.

ಪರೀಕ್ಷೆ ಪ್ರಾಮಾಣಿಕವಾಗಿ ನಡೆದರೂ ನಾನು ಒಪ್ಪಲಾರೆ. ಮೇಲ್ಮನೆಯ ಅವಧಿ ಎಷ್ಟು ವರ್ಷ ಎಂದು ಗೊತ್ತಿಲ್ಲದ ಕೂಲಿ ಹೆಂಗಸಿಗೆ, ತನ್ನ ಕೂಲಿ ಎಷ್ಟು ತಿಂಗಳಿಂದ ಬಂದಿಲ್ಲ ಎಂದು ಚೆನ್ನಾಗಿ ಗೊತ್ತಿರುತ್ತದೆ. ಕಾನೂನು ಅವಳ ಮೇಲೂ ನಡೆಯುತ್ತದೆ, ತೆರಿಗೆ ಅವಳೂ ಕಟ್ಟುತ್ತಾಳೆ. ಮತವಿಲ್ಲದವರ ಕಷ್ಟ ಕೇಳಲು ಯಾವ ಅಭ್ಯರ್ಥಿಯೂ ಬರುವುದಿಲ್ಲ.

ಹಾಗೆಂದು ಪೌರಜ್ಞಾನ ಅಳೆಯುವುದೇ ಬೇಡ ಅನ್ನುತ್ತಿಲ್ಲ. ಶಾಲೆಗಳಲ್ಲಿ ಖಂಡಿತ ಅಳೆಯಲಿ. ಅಲ್ಲಿ ಅಂಕ ಕಡಿಮೆ ಬಂದರೆ ಕಲಿಸುವ ಕ್ರಮವನ್ನು ತಿದ್ದಬಹುದು, ಯಾರ ಹಕ್ಕನ್ನೂ ಕಿತ್ತುಕೊಳ್ಳಬೇಕಾಗಿಲ್ಲ.