ಬಾಡಿಗೆ ಮನೆ ಗೋಡೆಗೆ ತೇವ ಹಿಡಿದರೆ ಖರ್ಚು ಯಾರದ್ದು?

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಅಡುಗೆಮನೆ ಗೋಡೆಗೆ ತೇವ ಹಿಡಿದಿದೆ, ಗೀಸರ್ ಕೆಟ್ಟಿದೆ, ಎರಡನ್ನೂ ನೀವೇ ಮಾಡಿಸಿಕೊಳ್ಳಿ ಅಂತ ಓನರ್ ಹೇಳಿದ್ದಾರೆ ಎಂದು ಬರೆದಿದ್ದೀರಿ. ಅಗ್ರಿಮೆಂಟಿನಲ್ಲಿ ಬೇರೆ ಬರೆದಿಲ್ಲದಿದ್ದರೆ ಗೋಡೆ ಅವರ ಖರ್ಚೇ. ಗೀಸರ್ ಬಗ್ಗೆ ಮಾತಾಡಿ ನೋಡಬೇಕು.

ವಿಜಯನಗರದಲ್ಲಿ ನಾವಿದ್ದ ಮನೆಯಲ್ಲೂ ಇದೇ ಆಗಿತ್ತು. ಸಿಂಕ್ ಕೆಳಗೆ ದೋಸೆಯಷ್ಟು ದೊಡ್ಡ ತೇವದ ಕಲೆ. 'ನೀವು ನೀರು ಜಾಸ್ತಿ ಚೆಲ್ತೀರಿ' ಅಂದರು ಓನರ್. ಸಿಂಕಿಗೆ ನೀರು ಬರುವ ಪೈಪಿನ ವಾಲ್ವ್ ಎರಡು ದಿನ ಮುಚ್ಚಿಟ್ಟೆವು, ಕಲೆ ಒಣಗತೊಡಗಿತು. ಅಂದರೆ ಸೋರುತ್ತಿದ್ದದ್ದು ಪೈಪೇ ಇರಬೇಕು. ಪ್ಲಂಬರ್ ಟೈಲ್ಸ್ ಒಡೆಯುವ ದಿನ ಓನರನ್ನೂ ಕರೆಸಿದೆವು. ಒಳಗಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಎಲ್ಬೋ, ಅಂದರೆ ತಿರುವಿನ ತುಂಡು, ತುಕ್ಕು ಹಿಡಿದು, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಕಣ್ಣಾರೆ ನೋಡಿದ ಮೇಲೆ ಅವರು ಒಂದು ಮಾತೂ ಆಡದೆ ದುಡ್ಡು ಕೊಟ್ಟರು. ಹಾಗಾಗಿ ಗೋಡೆ ಒಡೆಯುವಾಗ ಓನರ್ ಎದುರಿಗೇ ಇರಲಿ.

ಇನ್ನು ಕಾನೂನು. ಬೆಂಗಳೂರಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿ ದಾಟಿದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಆಗ ಮೊದಲು ನೋಡಬೇಕಾದದ್ದು ನಿಮ್ಮ ಅಗ್ರಿಮೆಂಟ್. ಅದರಲ್ಲಿ ಏನೂ ಬರೆದಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಇದೆ. ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಮಾಡಿಸದಿದ್ದರೆ, ನೀವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಸುಮ್ನೆ ಬಾಯಿಮಾತಲ್ಲಿ ಹೇಳಿ ಬಾಡಿಗೆ ಕಡಿಮೆ ಕೊಡಬೇಡಿ, ಜಗಳ ಅಲ್ಲೇ ಶುರುವಾಗುತ್ತದೆ.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಪೈಪ್ ಬದಲಾವಣೆ, ವೈರಿಂಗ್, ಸುಣ್ಣಬಣ್ಣವನ್ನು ಓನರಿಗೆ ಬಿಟ್ಟಿದೆ. ನಲ್ಲಿ ವಾಷರ್, ಸ್ವಿಚ್, ಗೀಸರ್ ರಿಪೇರಿ ಬಾಡಿಗೆದಾರರದ್ದು. ಅದು ಬರೀ ಮಾದರಿ, ರಾಜ್ಯ ಒಪ್ಪಿದರೆ ಮಾತ್ರ ಕಾನೂನು. ಆದರೂ ಮಾತಿಗೆ ಕೂತಾಗ ತೋರಿಸಲು ಉಪಯೋಗಕ್ಕೆ ಬರುತ್ತದೆ.

ಗೀಸರಿನಲ್ಲಿ ಕಾಯಿಲ್ ಹೋಗಿದ್ದರೆ ನೀವೇ ಹಾಕಿಸಿಬಿಡಿ. ಬೋರ್‌ವೆಲ್‌ನ ಗಡಸು ನೀರಿಗೆ ಉಪ್ಪು ಕಟ್ಟಿ ಅದು ಹೋಗುವುದು ಸಾಮಾನ್ಯ. ಟ್ಯಾಂಕೇ ತೂತಾಗಿದ್ದರೆ, ಅಥವಾ ನೀವು ಬಂದ ತಿಂಗಳೊಳಗೇ ಕೆಟ್ಟಿದ್ದರೆ ಓನರ್ ಕೊಡುವುದೇ ನ್ಯಾಯ, ಅಲ್ವಾ?

ಗೋಡೆಯ ಫೋಟೋ ಇವತ್ತೇ ಓನರಿಗೆ ವಾಟ್ಸಾಪ್ ಮಾಡಿ. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹೇಗೂ ಹಿಡಿಯುತ್ತಾರೆ. ಈ ಕಲೆ ತೋರಿಸಿ ಅಡ್ವಾನ್ಸಲ್ಲಿ ಇನ್ನಷ್ಟು ಹಿಡಿಯಲು ಬಂದರೆ, ಫೋಟೋ ಕಳಿಸಿದ ತಾರೀಖು ನಿಮ್ಮ ಕೈಯಲ್ಲಿರಬೇಕು.