ಪ್ರತಿಕ್ರಿಯೆ: ಗ್ರೀನಿಚ್ ಎಂದರೆ ವೀಕ್ಷಣಾಲಯ ಮಾತ್ರವೇ?

ಗ್ರೀನಿಚ್ ಲಂಡನ್ನಿನಿಂದ ಬೇರೆಯಾದ ಊರೇ, ಖಗೋಳ ವೀಕ್ಷಣಾಲಯವನ್ನು ಬಿಟ್ಟರೆ ಅಲ್ಲಿ ಏನಿದೆ ಎಂದು ತಾವು ಕೇಳಿದ್ದೀರಿ. ಅದು ಬೇರೆ ಊರಲ್ಲ. ಲಂಡನ್ನಿನ ಆಗ್ನೇಯ ಭಾಗದಲ್ಲಿ, ಥೇಮ್ಸ್ ನದಿಯ ದಕ್ಷಿಣ ದಂಡೆಯುದ್ದಕ್ಕೂ ಹಬ್ಬಿರುವ, ತನ್ನದೇ ಚುನಾಯಿತ ಸ್ಥಳೀಯ ಆಡಳಿತವುಳ್ಳ ‘ಬರೋ’, ಅಂದರೆ ನಗರದ ಒಂದು ಆಡಳಿತ ವಿಭಾಗ. ಹಳೆಯ ಗ್ರೀನಿಚ್ ಬರೋವನ್ನೂ ನೆರೆಯ ವುಲಿಚ್ ಬರೋದ ಬಹುಭಾಗವನ್ನೂ ಕೂಡಿಸಿ 1965ರಲ್ಲಿ ಇದನ್ನು ರಚಿಸಲಾಯಿತು.

1675ರಲ್ಲಿ ಎರಡನೇ ಚಾರ್ಲ್ಸ್ ದೊರೆ ಸ್ಥಾಪಿಸಿದ ವೀಕ್ಷಣಾಲಯದ ಮೂಲಕ ಹಾಯುವ ರೇಖೆಯನ್ನು 1884ರ ವಾಷಿಂಗ್ಟನ್ ಸಮ್ಮೇಳನವು ಶೂನ್ಯ ರೇಖಾಂಶವೆಂದು ಅಂಗೀಕರಿಸಿದ್ದರಿಂದ ಪ್ರವಾಸಿಗರೆಲ್ಲ ಅದು ನಿಂತಿರುವ ಗುಡ್ಡಕ್ಕೇ ಮುಗಿಬೀಳುತ್ತಾರೆ. ಆದರೆ ನದಿಯೊಂದಿಗೆ ಈ ಪ್ರದೇಶಕ್ಕಿರುವ ನಂಟನ್ನು ತಿಳಿಯಬಯಸುವವರು ಪೂರ್ವದ ವುಲಿಚ್‌ಗೆ ಹೋಗುವುದೇ ಲೇಸೆಂದು ನನ್ನ ಅಭಿಪ್ರಾಯ. ಎಂಟನೇ ಹೆನ್ರಿಯ ಕಾಲದಲ್ಲಿ ರಾಜನೌಕಾಪಡೆಯ ಹಡಗುಗಳನ್ನು ಕಟ್ಟುತ್ತಿದ್ದ ಸ್ಥಳವದು. ಮುಂದೆ ಅಲ್ಲಿ ಬೆಳೆದ ಬೃಹತ್ ಶಸ್ತ್ರಾಗಾರದ (ಇಂಗ್ಲಿಷಿನಲ್ಲಿ ‘ಆರ್ಸೆನಲ್’) ಕಾರ್ಮಿಕರು 1886ರಲ್ಲಿ ಕಟ್ಟಿಕೊಂಡ ಫುಟ್‌ಬಾಲ್ ತಂಡವೇ, 1913ರಲ್ಲಿ ಉತ್ತರ ಲಂಡನ್ನಿಗೆ ವಲಸೆ ಹೋದರೂ ಹೆಸರನ್ನು ಮಾತ್ರ ಬಿಡದ, ಇಂದಿನ ಆರ್ಸೆನಲ್. ವುಲಿಚ್‌ನಲ್ಲಿ 1889ರಲ್ಲಿ ಆರಂಭವಾದ ಉಚಿತ ದೋಣಿ ಸೇವೆ ವಾಹನಗಳನ್ನೂ ಹೊತ್ತು ಇಂದಿಗೂ ನದಿ ದಾಟುತ್ತದೆ. ನಡೆದೇ ದಾಟಬಯಸುವವರಿಗೆ ನದಿಯಡಿಯಲ್ಲಿ ಎರಡು ಸುರಂಗಗಳಿವೆ: ಗ್ರೀನಿಚ್‌ನದು 1902ರದು, ವುಲಿಚ್‌ನದು 1912ರದು. ಸಮುದ್ರದ ಉಬ್ಬರದಿಂದ ನಗರವನ್ನು ಕಾಯುವ ಥೇಮ್ಸ್ ತಡೆಗೋಡೆಯ ದಕ್ಷಿಣ ತುದಿಯೂ ಇದೇ ಬರೋದಲ್ಲಿದೆ.